ನಿತ್ಯಪುಷ್ಪದ ಎಲೆಯಿಂದ ಮಕ್ಕಳ ರಕ್ತದ ಕ್ಯಾನ್ಸರ್ ಔಷಧದವರೆಗೆ: ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್

ನೀವು ಬೆಳಿಗ್ಗೆ ಕಾಫಿ ಕುಡೀತಾ ಕೇಳ್ತಿರಬಹುದು, ಕೆಲಸದಿಂದ ಮನೆಗೆ ಗಾಡಿ ಓಡಿಸ್ತಾ ಕೇಳ್ತಿರಬಹುದು. ಇವತ್ತು ನಿಮ್ಮೆಲ್ಲರಿಗೂ ಗೊತ್ತಿರುವ ಒಂದು ಗಿಡದಿಂದಲೇ ಶುರು ಮಾಡೋಣ.

ಊರಿನ ಮನೆ ನೆನಪು ಮಾಡಿಕೊಳ್ಳಿ. ಕಾಂಪೌಂಡ್ ಗೋಡೆ ಪಕ್ಕ, ಬಾವಿಕಟ್ಟೆ ಹತ್ತಿರ, ಯಾರೂ ನೀರು ಹಾಕದಿದ್ದರೂ ವರ್ಷಪೂರ್ತಿ ಹೂ ಬಿಡುವ ಒಂದು ಚಿಕ್ಕ ಗಿಡ ಇರುತ್ತದೆ. ಐದು ಎಸಳಿನ ಹೂ, ನಸುಗೆಂಪು ಅಥವಾ ಬಿಳಿ, ನಡುವೆ ಒಂದು ಪುಟ್ಟ ಕಣ್ಣು. ನಿತ್ಯಪುಷ್ಪ ಅಂತಾರೆ, ಸದಾಪುಷ್ಪ ಅಂತಾರೆ, ಕಾಶಿಕಣಗಿಲೆ ಅಂತಲೂ ಕರೀತಾರೆ. ಪೂಜೆಗೆ ಬುಟ್ಟಿ ತುಂಬಾ ಹೂ ಕೊಡುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ಇದ್ದರೂ ಇದರ ಎಲೆ ಎಷ್ಟು ಕಹಿ ಅಂದರೆ ಮೇಯುವ ಪ್ರಾಣಿಗಳು ಸಾಮಾನ್ಯವಾಗಿ ಇದನ್ನು ಬಿಟ್ಟು ಮುಂದೆ ಹೋಗುತ್ತವೆ. ಕೆನಡಾ, ಅಮೆರಿಕದಲ್ಲಿ ಇರುವವರು ಮೇ ತಿಂಗಳಲ್ಲಿ ನರ್ಸರಿಗಳಲ್ಲಿ ಇದೇ ಗಿಡವನ್ನು ವಿಂಕಾ ಅನ್ನುವ ಚೀಟಿ ಹಚ್ಚಿ ಮಾರೋದನ್ನು ನೋಡಿರುತ್ತೀರಿ. ಇಲ್ಲಿ ಮೊದಲ ಹಿಮ ಬಿದ್ದರೆ ಗಿಡ ಸತ್ತೇ ಹೋಗುತ್ತದೆ.

ಈ ಗಿಡದ ಎಲೆಯಲ್ಲಿ ವಿನ್‌ಕ್ರಿಸ್ಟೀನ್ ಎಂಬ ಒಂದು ರಾಸಾಯನಿಕ ಇದೆ. ಲ್ಯೂಕೀಮಿಯ, ಅಂದರೆ ರಕ್ತದ ಕ್ಯಾನ್ಸರ್ ಬಂದ ಮಗುವಿಗೆ ಬೆಂಗಳೂರಲ್ಲಿ ಚಿಕಿತ್ಸೆ ಕೊಡಲಿ, ಬೋಸ್ಟನ್‌ನಲ್ಲಿ ಕೊಡಲಿ, ಬರ್ಲಿನ್‌ನಲ್ಲಿ ಕೊಡಲಿ, ಮೊದಲ ತಿಂಗಳಲ್ಲೇ ಆ ಮಗುವಿನ ರಕ್ತನಾಳಕ್ಕೆ ಹೋಗುವ ಔಷಧಗಳಲ್ಲಿ ಇದೂ ಒಂದು. ಇದು ಹೇಗೆ ಸಿಕ್ಕಿತು, ಹೇಗೆ ಕೆಲಸ ಮಾಡುತ್ತದೆ, ಅಂಗಳದ ಗಿಡಕ್ಕೂ ಆಸ್ಪತ್ರೆಯ ಔಷಧಕ್ಕೂ ನಡುವೆ ಎಷ್ಟು ದೂರ ಇದೆ, ಇದೇ ಇವತ್ತಿನ ಪಾಠ. ಆ ದೂರವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದು ಯಾಕೆ ಮುಖ್ಯ ಅಂತ ಕೊನೆಯಲ್ಲಿ ಹೇಳ್ತೀನಿ.

ಇಪ್ಪತ್ತೈದು ಎಲೆಗಳ ಲಕೋಟೆ

ಕಥೆ ನಡೆದದ್ದು ಲಂಡನ್‌ನಲ್ಲಿ. ಇಂಗ್ಲೆಂಡಿನ ಲಂಡನ್ ಅಲ್ಲ, ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್. ಟೊರಾಂಟೊದಿಂದ 401 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು ಎರಡು ಗಂಟೆ ದಾರಿ. ಅಲ್ಲಿನ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ನೋಬಲ್ ಅನ್ನುವ ವೈದ್ಯ ವಿಜ್ಞಾನಿ ಕೆಲಸ ಮಾಡ್ತಿದ್ದರು.

ನೋಬಲ್ ಹುಟ್ಟಿದ್ದು 1910ರಲ್ಲಿ, ಟೊರಾಂಟೊದಲ್ಲಿ. ಅಲ್ಲೇ ವೈದ್ಯಕೀಯ ಓದಿ, ಇಂಗ್ಲೆಂಡಿಗೆ ಹೋಗಿ ಪಿಎಚ್‌ಡಿ ಮಾಡಿದರು. ಆಮೇಲೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕಾಲಿಪ್ ಅವರ ಜೊತೆ ಸೇರಿದರು. ಕಾಲಿಪ್ ಅಂದರೆ ಇನ್ಸುಲಿನ್ ಅನ್ನು ಮನುಷ್ಯರಿಗೆ ಕೊಡುವಷ್ಟು ಶುದ್ಧ ಮಾಡಿದ ಜೀವರಸಾಯನಶಾಸ್ತ್ರಜ್ಞ. ನೋಬಲ್ ಅವರ ವಿಷಯ ಹಾರ್ಮೋನ್‌ಗಳು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಗಾಯದ ಆಘಾತದಿಂದ ದೇಹಕ್ಕೆ ಏನಾಗುತ್ತದೆ ಅಂತ ಸಂಶೋಧನೆ ಮಾಡಿದರು. ಅಂದರೆ ಅಷ್ಟರವರೆಗೆ ಕ್ಯಾನ್ಸರ್ ಔಷಧ ಹುಡುಕುವುದು ಅವರ ಕೆಲಸವೇ ಆಗಿರಲಿಲ್ಲ.

ಅವರ ಅಣ್ಣ ಕ್ಲಾರ್ಕ್ ನೋಬಲ್. ಅವರೂ ವೈದ್ಯರೇ. 1920ರ ದಶಕದಲ್ಲಿ ಇನ್ಸುಲಿನ್ ಕಂಡುಹಿಡಿದ ಟೊರಾಂಟೊ ತಂಡದ ಜೊತೆ ಕೆಲಸ ಮಾಡಿದವರು. ಬ್ಯಾಂಟಿಂಗ್ ಅವರ ಸಹಾಯಕ ಯಾರಾಗಬೇಕು ಅಂತ ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್ ನಾಣ್ಯ ಚಿಮ್ಮಿದರು, ಬೆಸ್ಟ್ ಗೆದ್ದರು ಅಂತ ಒಂದು ಕಥೆ ಬಹಳ ಪ್ರಸಿದ್ಧ.

1952ರಲ್ಲಿ ಈ ಕ್ಲಾರ್ಕ್ ಅವರಿಗೆ ಜಮೈಕಾದಿಂದ ಅವರ ರೋಗಿಯೊಬ್ಬರು ಒಂದು ಲಕೋಟೆ ಕಳಿಸಿದರು. ಒಳಗೆ 25 ಎಲೆಗಳು. ನಮ್ಮ ನಿತ್ಯಪುಷ್ಪದ ಎಲೆಗಳು. ಅಲ್ಲಿ ಇನ್ಸುಲಿನ್ ಸಿಗದಿದ್ದಾಗ ಜನ ಈ ಎಲೆ ಕುದಿಸಿ ಕಷಾಯ ಕುಡಿದು ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಟ್ಟುಕೊಳ್ಳುತ್ತಾರೆ ಅನ್ನೋದು ಅದರ ಜೊತೆಗಿದ್ದ ವಿಷಯ. ಕ್ಲಾರ್ಕ್ ಆ ಹೊತ್ತಿಗೆ ಕೆಲಸದಿಂದ ನಿವೃತ್ತರು. ಲಕೋಟೆಯನ್ನು ತಮ್ಮನಿಗೆ ಕಳಿಸಿದರು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಈ ಗಿಡ ಜಮೈಕಾದ್ದೂ ಅಲ್ಲ, ನಮ್ಮದೂ ಅಲ್ಲ. ಇದರ ಮೂಲ ಮಡಗಾಸ್ಕರ್. ಹೂವಿಗಾಗಿ ಜನ ಊರಿಂದೂರಿಗೆ ಒಯ್ದರು, ಬಿಸಿಲಿರುವ ಕಡೆಯೆಲ್ಲ ಅದು ತಾನಾಗಿ ಹಬ್ಬಿಕೊಂಡಿತು. ಹೋದ ಕಡೆಯಲ್ಲಿ ಜನ ಅದನ್ನು ನಾಟಿ ಮದ್ದಾಗಿಯೂ ಬಳಸಿದರು.

ಪ್ರಯೋಗ ಸೋತಿತು, ಆದರೆ ಇಲಿಗಳು ಯಾಕೆ ಸತ್ತವು?

ರಾಬರ್ಟ್ ನೋಬಲ್ ಎಲೆಯ ಕಷಾಯ ಮಾಡಿ ಇಲಿಗಳಿಗೆ ಕುಡಿಸಿದರು. ರಕ್ತದ ಸಕ್ಕರೆ ಅಳೆದರು. ಏನೂ ವ್ಯತ್ಯಾಸ ಇಲ್ಲ. ಪ್ರಯೋಗ ಸೋತಿತು ಅಂತ ಬರೆದು ಅಲ್ಲಿಗೇ ಮುಗಿಸಬಹುದಿತ್ತು. ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೊಟ್ಟೆಯ ಮೂಲಕ ಹೋದ ವಸ್ತು ರಕ್ತಕ್ಕೆ ಸೇರದೆ ಇರಬಹುದಲ್ಲ ಅಂತ ಯೋಚಿಸಿ ಎಲೆಯ ಸಾರವನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರು.

ಆಗಲೂ ಸಕ್ಕರೆ ಇಳಿಯಲಿಲ್ಲ. ಆದರೆ ಒಂದು ವಾರದೊಳಗೆ ಇಲಿಗಳು ಸತ್ತವು. ಕೊಯ್ದು ನೋಡಿದರೆ ಮೈಯೊಳಗೆಲ್ಲ ಕೀವು ತುಂಬಿದ ಹುಣ್ಣುಗಳು. ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು.

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಸೋಂಕು ತಗಲೋದು ಹೊಸದೇನಲ್ಲ. ಸೂಜಿ ಸ್ವಚ್ಛ ಇರಲಿಲ್ಲವೇನೋ, ಸಾರದಲ್ಲಿ ಕೊಳೆ ಇತ್ತೇನೋ ಅಂದುಕೊಂಡು ಹೊಸ ಇಲಿ ತರಿಸಬಹುದಿತ್ತು. ಆದರೆ ನೋಬಲ್ ಕೇಳಿಕೊಂಡ ಪ್ರಶ್ನೆ ಬೇರೆ. ಇಲಿಯ ದೇಹ ಈ ಬ್ಯಾಕ್ಟೀರಿಯಾವನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಈಗ ಯಾಕೆ ತಡೆದುಕೊಳ್ಳಲಿಲ್ಲ?

ಸೋಂಕು ತಡೆಯುವುದು ಬಿಳಿ ರಕ್ತಕಣಗಳ ಕೆಲಸ. ಎಣಿಸಿ ನೋಡಿದರು. ಬಿಳಿ ರಕ್ತಕಣಗಳ ಸಂಖ್ಯೆ ಪಾತಾಳಕ್ಕೆ ಇಳಿದಿತ್ತು. ಅವು ತಯಾರಾಗುವ ಮೂಳೆಮಜ್ಜೆಯೇ ಕೆಲಸ ನಿಲ್ಲಿಸಿತ್ತು. ಅಂದರೆ ಎಲೆಯಲ್ಲಿದ್ದ ಯಾವುದೋ ವಸ್ತು ಬಿಳಿ ರಕ್ತಕಣಗಳು ಹುಟ್ಟದ ಹಾಗೆ ತಡೆಯುತ್ತಿದೆ.

ಈಗ ಲ್ಯೂಕೀಮಿಯ ಅಂದರೆ ಏನು ನೋಡಿ. ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತಾ ಹೋಗುವ ಕಾಯಿಲೆ. ಆರೋಗ್ಯವಂತ ಇಲಿಯಲ್ಲಿ ವಿಷವಾಗಿ ಕಂಡದ್ದು ಲ್ಯೂಕೀಮಿಯದಲ್ಲಿ ಔಷಧ ಆಗಬಹುದು ಅನ್ನುವ ಯೋಚನೆ ಬಂದದ್ದು ಇಲ್ಲಿಂದ. ನೋಬಲ್, ಬೀರ್ ಮತ್ತು ಅವರ ಸಹೋದ್ಯೋಗಿ ಕಟ್ಸ್ 1958ರಲ್ಲಿ ಈ ಬಗ್ಗೆ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಆಕಸ್ಮಿಕವಾಗಿ ಕಂಡ ಸಂಗತಿಗಳ ಪಾತ್ರ ಅನ್ನುವ ಅರ್ಥದ ಮಾತಿದೆ. ಅದೃಷ್ಟ ಇತ್ತು ಅಂತ ಅವರೇ ಒಪ್ಪಿಕೊಂಡರು. ಆದರೆ ಸತ್ತ ಇಲಿಯ ರಕ್ತಕಣ ಎಣಿಸಿದ್ದು ಅದೃಷ್ಟ ಅಲ್ಲ.

ರಸಾಯನಶಾಸ್ತ್ರಜ್ಞ ಬಂದ ಮೇಲೆ

ಇಲ್ಲಿಂದ ಮುಂದೆ ನೋಬಲ್ ಒಬ್ಬರಿಂದಲೇ ಆಗುವ ಕೆಲಸ ಇರಲಿಲ್ಲ. ಎಲೆಯಲ್ಲಿ ಇರುವ ನೂರಾರು ವಸ್ತುಗಳಲ್ಲಿ ಯಾವುದು ಈ ಕೆಲಸ ಮಾಡುತ್ತಿದೆ ಅಂತ ಬೇರ್ಪಡಿಸಿ ತೋರಿಸಬೇಕು. ಗಿಡ, ಅಣಬೆ, ಸೂಕ್ಷ್ಮಜೀವಿಗಳು ತಯಾರಿಸುವ ವಸ್ತುಗಳನ್ನು ಹೀಗೆ ಹೊರತೆಗೆದು, ಶುದ್ಧ ಮಾಡಿ, ಅವುಗಳ ರಚನೆ ಓದುವ ಶಾಖೆಗೆ ನೈಸರ್ಗಿಕ ಉತ್ಪನ್ನಗಳ ರಸಾಯನಶಾಸ್ತ್ರ ಅಂತ ಹೆಸರು. 1954ರಲ್ಲಿ ಚಾರ್ಲ್ಸ್ ಬೀರ್ ಈ ಪ್ರಯೋಗಾಲಯಕ್ಕೆ ಬಂದರು. ಇಂಗ್ಲೆಂಡಿನವರು, ಆಕ್ಸ್‌ಫರ್ಡ್‌ನಲ್ಲಿ ಓದಿದ ಸಾವಯವ ರಸಾಯನಶಾಸ್ತ್ರಜ್ಞ.

ಬೀರ್ ಮಾಡಿದ್ದು ಹೀಗೆ. ಎಲೆಯ ಸಾರವನ್ನು ಭಾಗ ಭಾಗ ಮಾಡುವುದು. ಪ್ರತಿ ಭಾಗವನ್ನೂ ಇಲಿಗೆ ಕೊಟ್ಟು ಬಿಳಿ ರಕ್ತಕಣ ಎಣಿಸುವುದು. ಯಾವ ಭಾಗ ಕೊಟ್ಟಾಗ ಕಣಗಳ ಸಂಖ್ಯೆ ಇಳಿಯಿತೋ ಅದನ್ನು ಮಾತ್ರ ಇಟ್ಟುಕೊಂಡು ಮತ್ತೆ ಭಾಗ ಮಾಡುವುದು. ಕಡೆಗೆ ಒಂದೇ ಒಂದು ವಸ್ತು ಉಳಿಯುವ ತನಕ ಇದೇ ಕೆಲಸ. ಜರಡಿ ಹಿಡಿದ ಹಾಗೆ, ಆದರೆ ಪ್ರತಿ ಜರಡಿಗೂ ಒಂದು ಇಲಿಯ ಸಾಕ್ಷಿ ಬೇಕು.

ಭಾಗ ಮಾಡಲು ಬಳಸಿದ್ದು ಕ್ರೊಮೆಟೊಗ್ರಫಿ. ಹೆಸರು ದೊಡ್ಡದು, ಆದರೆ ಶಾಲೆಯಲ್ಲಿ ನೀವೇ ಇದನ್ನು ಮಾಡಿದ್ದೀರಿ. ಸೀಮೆಸುಣ್ಣದ ಕಡ್ಡಿಗೆ ಕಪ್ಪು ಶಾಯಿಯ ಗೆರೆ ಎಳೆದು ಅದರ ಬುಡವನ್ನು ನೀರಲ್ಲಿ ನಿಲ್ಲಿಸುವ ಪ್ರಯೋಗ ನೆನಪಿದೆಯಾ? ನೀರು ಮೇಲೇರುತ್ತಾ ಶಾಯಿಯ ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಹೋಗಿ ಬಿಡಿ ಬಿಡಿ ಆಗುತ್ತವೆ. ಸುಣ್ಣಕ್ಕೆ ಜಾಸ್ತಿ ಅಂಟಿಕೊಳ್ಳುವ ಬಣ್ಣ ಹಿಂದೆ ಉಳಿಯುತ್ತದೆ, ಕಡಿಮೆ ಅಂಟುವುದು ಮುಂದೆ ಓಡುತ್ತದೆ. ಬೀರ್ ಅವರ ಹತ್ತಿರ ಸೀಮೆಸುಣ್ಣದ ಜಾಗದಲ್ಲಿ ಅಲ್ಯುಮಿನಾ ಪುಡಿ ತುಂಬಿದ ಗಾಜಿನ ಕೊಳವೆ ಇತ್ತು, ಶಾಯಿಯ ಜಾಗದಲ್ಲಿ ಎಲೆಯ ಸಾರ ಇತ್ತು.

ಕೊನೆಗೆ ಹರಳುಗಳು ಸಿಕ್ಕವು. ಅದೊಂದು ಆಲ್ಕಲಾಯ್ಡ್, ಅಂದರೆ ಕಾಫಿಯ ಕೆಫೀನ್, ಸಿಂಕೋನಾ ತೊಗಟೆಯ ಕ್ವಿನೈನ್ ಇವುಗಳ ಹಾಗೆ ಸಾರಜನಕ ಇರುವ ಸಸ್ಯಜನ್ಯ ವಸ್ತು. ಮೊದಲು ವಿಂಕಾಲ್ಯೂಕೊಬ್ಲಾಸ್ಟೀನ್ ಅಂತ ಉದ್ದ ಹೆಸರಿಟ್ಟರು. ಈಗ ಅದನ್ನು ವಿನ್‌ಬ್ಲಾಸ್ಟೀನ್ ಅಂತೀವಿ.

1958ರಲ್ಲಿ ನ್ಯೂಯಾರ್ಕ್ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ತಮ್ಮ ಕೆಲಸವನ್ನು ಮುಂದಿಟ್ಟರು. ಅಲ್ಲಿ ಗೊತ್ತಾದ ವಿಷಯ ಏನೆಂದರೆ, ಇಂಡಿಯಾನಾದ ಎಲೈ ಲಿಲ್ಲಿ ಕಂಪನಿಯವರೂ ಇದೇ ಗಿಡದ ಬೆನ್ನು ಹತ್ತಿದ್ದರು. ಅವರೂ ಸಕ್ಕರೆ ಕಾಯಿಲೆಯ ಮದ್ದು ಅನ್ನುವ ನಂಬಿಕೆಯಿಂದಲೇ ಗಿಡ ತರಿಸಿದ್ದು. ಲ್ಯೂಕೀಮಿಯ ಇರುವ ಚಿಟ್ಟಿಲಿಗಳು ಆ ಸಾರದಿಂದ ಹೆಚ್ಚು ದಿನ ಬದುಕಿದ್ದನ್ನು ಕಂಡಿದ್ದರು. ಎರಡೂ ಕಡೆಯವರು ಕೈಜೋಡಿಸಿದರು. ಲಿಲ್ಲಿಯ ರಸಾಯನಶಾಸ್ತ್ರಜ್ಞ ಗಾರ್ಡನ್ ಸ್ವೊಬೋಡ ಅದೇ ಎಲೆಯಿಂದ ಎರಡನೇ ವಸ್ತು ಬೇರ್ಪಡಿಸಿದರು. ಅದೇ ವಿನ್‌ಕ್ರಿಸ್ಟೀನ್. ಅಮೆರಿಕದಲ್ಲಿ ವಿನ್‌ಬ್ಲಾಸ್ಟೀನ್‌ಗೆ 1961ರಲ್ಲಿ, ವಿನ್‌ಕ್ರಿಸ್ಟೀನ್‌ಗೆ 1963ರಲ್ಲಿ ಅನುಮತಿ ಸಿಕ್ಕಿತು. ಲಕೋಟೆ ಬಂದು ಹನ್ನೊಂದು ವರ್ಷ.

ಎರಡು ಅಣ್ಣತಮ್ಮ ಅಣುಗಳು

ಈಗ ಸ್ವಲ್ಪ ರಸಾಯನಶಾಸ್ತ್ರ. ವಿನ್‌ಬ್ಲಾಸ್ಟೀನ್ ಮತ್ತು ವಿನ್‌ಕ್ರಿಸ್ಟೀನ್ ಎರಡರಲ್ಲೂ ತಲಾ 46 ಇಂಗಾಲದ ಪರಮಾಣುಗಳಿವೆ. ಒಟ್ಟು ನೂರಕ್ಕೂ ಹೆಚ್ಚು ಪರಮಾಣುಗಳ ದೊಡ್ಡ ಅಣುಗಳು. ಇವೆರಡರ ನಡುವಿನ ವ್ಯತ್ಯಾಸ ಒಂದೇ ಜಾಗದಲ್ಲಿ. ವಿನ್‌ಬ್ಲಾಸ್ಟೀನ್‌ನಲ್ಲಿ ಒಂದು ಸಾರಜನಕದ ಮೇಲೆ ಮೀಥೈಲ್ ಗುಂಪು ಇದೆ: ಒಂದು ಇಂಗಾಲ, ಮೂರು ಜಲಜನಕ. ವಿನ್‌ಕ್ರಿಸ್ಟೀನ್‌ನಲ್ಲಿ ಅದೇ ಜಾಗದಲ್ಲಿ ಫಾರ್ಮೈಲ್ ಗುಂಪು: ಒಂದು ಇಂಗಾಲ, ಒಂದು ಜಲಜನಕ, ಒಂದು ಆಮ್ಲಜನಕ. ಎರಡು ಜಲಜನಕ ಹೋಗಿ ಒಂದು ಆಮ್ಲಜನಕ ಬಂದಿದೆ, ಅಷ್ಟೇ.

ಇಷ್ಟು ಸಣ್ಣ ಬದಲಾವಣೆಯಿಂದ ಮನುಷ್ಯನ ದೇಹದಲ್ಲಿ ಆಗುವ ಪರಿಣಾಮವೇ ಬೇರೆ. ವಿನ್‌ಬ್ಲಾಸ್ಟೀನ್ ಮೂಳೆಮಜ್ಜೆಯನ್ನು ಹೆಚ್ಚು ಕಾಡುತ್ತದೆ. ಹಾಜ್‌ಕಿನ್ ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ ಅದು ಒಳ್ಳೆಯ ಔಷಧ ಆಯಿತು. ವಿನ್‌ಕ್ರಿಸ್ಟೀನ್ ಮಜ್ಜೆಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ನರಗಳನ್ನು ಕಾಡುತ್ತದೆ. ಇದೇ ಮಕ್ಕಳ ಲ್ಯೂಕೀಮಿಯದ ಚಿಕಿತ್ಸೆಗೆ ಅದನ್ನು ಒಪ್ಪುವಂತೆ ಮಾಡಿದ ಗುಣ. ಹೇಗೆ ಅಂತ ಮುಂದೆ ನೋಡೋಣ.

ಜೀವಕೋಶದ ಒಳಗೆ ಏನಾಗುತ್ತದೆ?

ಒಂದು ಜೀವಕೋಶ ಎರಡಾಗುವ ಮೊದಲು ತನ್ನ ಕ್ರೋಮೋಸೋಮ್‌ಗಳನ್ನು ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಅವನ್ನು ಸರಿಸಮವಾಗಿ ಎರಡು ಪಾಲು ಮಾಡಿ ಆ ಕಡೆಗೊಂದು ಈ ಕಡೆಗೊಂದು ಎಳೆಯಬೇಕು. ಹೀಗೆ ಎಳೆಯುವ ಹಗ್ಗಗಳು ಮೈಕ್ರೊಟ್ಯೂಬ್ಯೂಲ್‌ಗಳು, ಅಂದರೆ ಬಹಳ ತೆಳುವಾದ ಟೊಳ್ಳು ಕೊಳವೆಗಳು. ಟ್ಯೂಬ್ಯುಲಿನ್ ಎಂಬ ಪ್ರೋಟೀನ್ ಇವಕ್ಕೆ ಇಟ್ಟಿಗೆ ಇದ್ದ ಹಾಗೆ. ಕೋಶ ಬೇಕಾದಾಗ ಇಟ್ಟಿಗೆ ಜೋಡಿಸಿ ಕೊಳವೆ ಕಟ್ಟುತ್ತದೆ, ಕೆಲಸ ಮುಗಿದ ಮೇಲೆ ಬಿಚ್ಚಿಹಾಕುತ್ತದೆ.

ವಿನ್‌ಕ್ರಿಸ್ಟೀನ್ ಹೋಗಿ ಟ್ಯೂಬ್ಯುಲಿನ್‌ಗೆ ಅಂಟಿಕೊಳ್ಳುತ್ತದೆ. ಇಟ್ಟಿಗೆ ಮೇಲೆ ಇಟ್ಟಿಗೆ ಕೂರುವುದಿಲ್ಲ. ಹಗ್ಗ ತಯಾರಾಗುವುದಿಲ್ಲ. ಕ್ರೋಮೋಸೋಮ್‌ಗಳು ನಡುವೆಯೇ ನಿಂತುಬಿಡುತ್ತವೆ. ಹಾಗೆ ಸಿಕ್ಕಿಹಾಕಿಕೊಂಡ ಕೋಶ ಕೊನೆಗೆ ಸಾಯುತ್ತದೆ. ಬಿಡುವಿಲ್ಲದೆ ಒಡೆಯುತ್ತಿರುವ ಲ್ಯೂಕೀಮಿಯ ಕೋಶಗಳಿಗೆ ಇದರ ಪೆಟ್ಟು ಜಾಸ್ತಿ.

ಹಾಗಾದರೆ ನರಗಳಿಗೆ ಯಾಕೆ ತೊಂದರೆ? ನರಕೋಶ ಒಡೆದು ಎರಡಾಗುವುದಿಲ್ಲವಲ್ಲ? ಒಳ್ಳೆಯ ಪ್ರಶ್ನೆ. ಬೆನ್ನುಹುರಿಯಿಂದ ಕಾಲಿನ ಬೆರಳಿನ ತನಕ ಹೋಗುವ ನರದ ಎಳೆ ಬಹಳ ಉದ್ದ. ಅದರೊಳಗೆ ಸಾಮಾನು ಸಾಗಿಸುವ ಹಳಿಗಳೂ ಇದೇ ಮೈಕ್ರೊಟ್ಯೂಬ್ಯೂಲ್‌ಗಳು. ಹಳಿ ಕೆಟ್ಟರೆ ತುದಿಗೆ ಸಾಮಾನು ತಲುಪುವುದಿಲ್ಲ. ಅದಕ್ಕೇ ಈ ಔಷಧ ತೆಗೆದುಕೊಳ್ಳುವ ಮಕ್ಕಳಿಗೆ ಪಾದ ಎತ್ತಿ ಇಡೋದು ಕಷ್ಟ ಆಗುತ್ತದೆ, ಮೆಟ್ಟಿಲು ಹತ್ತುವಾಗ ಎಡವುತ್ತಾರೆ, ಅಂಗಿಯ ಗುಂಡಿ ಹಾಕಲು ಒದ್ದಾಡುತ್ತಾರೆ, ದವಡೆ ನೋವು ಬರಬಹುದು, ಮಲಬದ್ಧತೆ ಆಗುತ್ತದೆ. ಬಹುಪಾಲು ಮಕ್ಕಳಲ್ಲಿ ಔಷಧ ಮುಗಿದ ಮೇಲೆ ಇದು ನಿಧಾನವಾಗಿ ಸುಧಾರಿಸುತ್ತದೆ.

ಇನ್ನೊಂದು ವಿಷಯ. ವಿನ್‌ಕ್ರಿಸ್ಟೀನ್ ರಕ್ತನಾಳಕ್ಕೆ ಮಾತ್ರ ಕೊಡುವ ಔಷಧ. ಲ್ಯೂಕೀಮಿಯದ ಮಕ್ಕಳಿಗೆ ಬೇರೆ ಕೆಲವು ಔಷಧಗಳನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಡುತ್ತಾರೆ. ಅಲ್ಲಿಗೆ ತಪ್ಪಿ ವಿನ್‌ಕ್ರಿಸ್ಟೀನ್ ಹೋದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿಯೇ ಇದನ್ನು ಸಿರಿಂಜಿನಲ್ಲಿ ತುಂಬಿಡಬೇಡಿ, ಚಿಕ್ಕ ಚೀಲದಲ್ಲಿ ದುರ್ಬಲಗೊಳಿಸಿ ಡ್ರಿಪ್ ಮೂಲಕ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಎಲೆಯಿಂದ ಬಂದ ವಸ್ತು ಎಷ್ಟು ಹರಿತ ಅಂತ ಇದರಿಂದ ಅರ್ಥ ಮಾಡಿಕೊಳ್ಳಿ.

ಒಂದು ಔಷಧ ಸಾಲದು

ಈಗ ಕಾಲವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸೋಣ. 1940ರ ದಶಕದಲ್ಲಿ ಮಗುವಿಗೆ ತೀವ್ರ ಲ್ಯೂಕೀಮಿಯ ಅಂತ ಗೊತ್ತಾದರೆ ಉಳಿದಿದ್ದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. 1948ರಲ್ಲಿ ಬೋಸ್ಟನ್‌ನ ಸಿಡ್ನಿ ಫಾರ್ಬರ್ ಮೊದಲ ಬಾರಿಗೆ ಅಮಿನಾಪ್ಟೆರಿನ್ ಎಂಬ ಔಷಧದಿಂದ ಕೆಲವು ಮಕ್ಕಳಲ್ಲಿ ಕಾಯಿಲೆಯನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದರು. ಆ ಔಷಧ ಬಂದದ್ದು ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಎಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಮಕ್ಕಳು ಎದ್ದು ಓಡಾಡಿದರು, ಆಟ ಆಡಿದರು. ಆದರೆ ಕಾಯಿಲೆ ಮರಳಿ ಬಂತು. ಒಂದೇ ಔಷಧ ಕೊಟ್ಟರೆ ಅದಕ್ಕೆ ಜಗ್ಗದ ಕೆಲವು ಕೋಶಗಳು ಉಳಿದು ಮತ್ತೆ ಬೆಳೆಯುತ್ತವೆ.

ಹಾಗಾದರೆ ಹಲವು ಔಷಧ ಒಟ್ಟಿಗೆ ಕೊಡಬಹುದಲ್ಲ? ಕೊಡಬಹುದು. ಆದರೆ ಎಲ್ಲವೂ ಮೂಳೆಮಜ್ಜೆಯನ್ನೇ ಹೊಡೆದರೆ ಮಗು ಸೋಂಕಿನಿಂದ ಸಾಯುತ್ತದೆ, ನೋಬಲ್ ಅವರ ಇಲಿಗಳು ಸತ್ತ ಹಾಗೆಯೇ. ಇಲ್ಲಿ ವಿನ್‌ಕ್ರಿಸ್ಟೀನ್‌ನ ಆ ವಿಶೇಷ ಗುಣ ಕೆಲಸಕ್ಕೆ ಬಂತು. ಅದರ ತೊಂದರೆ ನರಕ್ಕೆ, ಮಜ್ಜೆಗೆ ಕಡಿಮೆ. ಹಾಗಾಗಿ ಮಜ್ಜೆಯನ್ನು ಕಾಡುವ ಔಷಧಗಳ ಜೊತೆ ಅದನ್ನು ಸೇರಿಸಬಹುದು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಟ್ಟರು: ವಿನ್‌ಕ್ರಿಸ್ಟೀನ್, ಮೆಥೊಟ್ರೆಕ್ಸೇಟ್, ಮರ್‌ಕ್ಯಾಪ್ಟೊಪ್ಯೂರಿನ್, ಪ್ರೆಡ್ನಿಸೋನ್. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಇದನ್ನು ಮುಂದುವರಿಸಿ, ಮೆದುಳಿನಲ್ಲಿ ಅಡಗಿರುವ ಕೋಶಗಳಿಗೂ ಚಿಕಿತ್ಸೆ ಸೇರಿಸಿದರು. 1970ರ ದಶಕದ ಆರಂಭದ ಹೊತ್ತಿಗೆ ಅವರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಗುಣವಾಗುತ್ತಿದ್ದರು. ಇವತ್ತು ಶ್ರೀಮಂತ ದೇಶಗಳಲ್ಲಿ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲ್ಯೂಕೀಮಿಯದಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಐದು ವರ್ಷ ದಾಟಿ ಬದುಕುತ್ತಾರೆ.

ಮಕ್ಕಳ ಮೂತ್ರಪಿಂಡದಲ್ಲಿ ಬರುವ ವಿಲ್ಮ್ಸ್ ಗೆಡ್ಡೆಗೂ, ಇನ್ನೂ ಕೆಲವು ಗೆಡ್ಡೆಗಳಿಗೂ ವಿನ್‌ಕ್ರಿಸ್ಟೀನ್ ಇವತ್ತಿಗೂ ಮುಖ್ಯ ಔಷಧ.

ಎಲೆಯಿಂದ ಇಷ್ಟು ಕಡಿಮೆ ಸಿಗುವುದು ಯಾಕೆ?

ಒಂದು ಗ್ರಾಂ ವಿನ್‌ಬ್ಲಾಸ್ಟೀನ್ ಬೇಕಾದರೆ ಸುಮಾರು 500 ಕಿಲೋ ಒಣಗಿದ ಎಲೆ ಬೇಕು. ವಿನ್‌ಕ್ರಿಸ್ಟೀನ್ ಇನ್ನೂ ಕಡಿಮೆ ಸಿಗುತ್ತದೆ. ಪುಣ್ಯಕ್ಕೆ ಒಂದು ಸಲಕ್ಕೆ ಕೊಡುವ ವಿನ್‌ಕ್ರಿಸ್ಟೀನ್ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವುದಿಲ್ಲ. ಅಂದರೆ ಕೆಲವೇ ಸಕ್ಕರೆ ಹರಳುಗಳ ತೂಕ.

ಈ ಅಣು ಎರಡು ಭಾಗಗಳ ಜೋಡಣೆ. ಒಂದು ಕ್ಯಾಥರಾಂಥೀನ್, ಇನ್ನೊಂದು ವಿಂಡೊಲೀನ್. 2010ರಲ್ಲಿ ಒಂಟಾರಿಯೊದ ಬ್ರಾಕ್ ವಿಶ್ವವಿದ್ಯಾಲಯದ ತಂಡ ಒಂದು ಸ್ವಾರಸ್ಯಕರ ಸಂಗತಿ ತೋರಿಸಿತು. ಗಿಡ ಕ್ಯಾಥರಾಂಥೀನ್ ಅನ್ನು ಎಲೆಯ ಹೊರಮೈಯ ಮೇಣದ ಪದರಕ್ಕೆ ಹೊರಹಾಕುತ್ತದೆ, ವಿಂಡೊಲೀನ್ ಅನ್ನು ಎಲೆಯ ಒಳಗೆ ಇಟ್ಟುಕೊಳ್ಳುತ್ತದೆ. ಎರಡೂ ಒಂದೇ ಎಲೆಯಲ್ಲಿದ್ದರೂ ಭೇಟಿ ಆಗೋದು ಅಪರೂಪ. ಹಾಗಾಗಿ ಬಿಡಿ ಭಾಗಗಳು ಧಾರಾಳ, ಜೋಡಿ ಬಹಳ ಕಡಿಮೆ.

2018ರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸೆಂಟರ್‌ನ ಸಾರಾ ಒ'ಕಾನರ್ ಅವರ ತಂಡ ಗಿಡ ಈ ಅಣುವನ್ನು ಕಟ್ಟುವ ಹಾದಿಯಲ್ಲಿ ಗೊತ್ತಿಲ್ಲದೆ ಉಳಿದಿದ್ದ ಕಿಣ್ವಗಳನ್ನು ಪತ್ತೆ ಮಾಡಿತು. 2022ರಲ್ಲಿ ಡೆನ್ಮಾರ್ಕ್ ಮತ್ತು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಗಿಡದ ಜೀನ್‌ಗಳನ್ನು ಯೀಸ್ಟ್‌ಗೆ ಸೇರಿಸಿ, ಅದರಿಂದಲೇ ಎರಡೂ ಭಾಗಗಳನ್ನು ತಯಾರಿಸಿ, ಆಮೇಲೆ ಪ್ರಯೋಗಾಲಯದಲ್ಲಿ ಜೋಡಿಸಿ ವಿನ್‌ಬ್ಲಾಸ್ಟೀನ್ ಮಾಡಿ ತೋರಿಸಿದರು. ಮೂವತ್ತರಷ್ಟು ಹಂತಗಳ ಕೆಲಸ. ಇಡ್ಲಿ ಹಿಟ್ಟು ಹುಳಿ ಬರಿಸುವ ಹಾಗೆ ಔಷಧವನ್ನೂ ಹುದುಗಿಸಬಹುದು ಅನ್ನುವ ದಾರಿ ಇದು. ಪ್ರಮಾಣ ಇನ್ನೂ ಚಿಕ್ಕದು.

ಇದು ಯಾಕೆ ಮುಖ್ಯ? 2019ರ ಶರತ್ಕಾಲದಲ್ಲಿ ಅಮೆರಿಕದಲ್ಲೇ ವಿನ್‌ಕ್ರಿಸ್ಟೀನ್ ಕೊರತೆ ಬಂತು. ಇದ್ದದ್ದು ಇಬ್ಬರು ತಯಾರಕರು, ಒಬ್ಬರು ನಿಲ್ಲಿಸಿದರು, ಇನ್ನೊಬ್ಬರ ಪೂರೈಕೆ ತಡವಾಯಿತು. ಹಳೆಯ, ಅಗ್ಗದ ಔಷಧ, ಲಾಭ ಕಡಿಮೆ. ಆದರೆ ಅದಕ್ಕೆ ಬದಲಿ ಅಂತ ಇನ್ನೊಂದು ಇಲ್ಲ. ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ ಮಗುವಿನ ಮುಂದಿನ ಡೋಸ್ ಸಿಗುತ್ತದೋ ಇಲ್ಲವೋ ಅಂತ ಅಪ್ಪ ಅಮ್ಮ ಕಾಯುವ ಹಾಗಾಯಿತು.

ಉಳಿದ ದೇಶಗಳಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣವಾದರೆ, ಹಲವು ಬಡ ದೇಶಗಳಲ್ಲಿ ನೂರಕ್ಕೆ 30ರಷ್ಟೂ ಇಲ್ಲ. ಎಲ್ಲ ಕಡೆ ಕನಿಷ್ಠ 60 ಮಕ್ಕಳಾದರೂ ಉಳಿಯಬೇಕು ಅಂತ 2030ರ ಗುರಿ ಇಟ್ಟುಕೊಂಡು 2018ರಲ್ಲಿ ಸಂಸ್ಥೆ ಒಂದು ಕಾರ್ಯಕ್ರಮ ಶುರು ಮಾಡಿದೆ. ಔಷಧ ಬೆಳೆಯುವ ಗಿಡ ಬಡ ದೇಶಗಳ ಅಂಗಳದಲ್ಲಿದೆ. ದಕ್ಷಿಣ ಭಾರತದಲ್ಲಿ, ಅದರಲ್ಲೂ ತಮಿಳುನಾಡಿನಲ್ಲಿ, ರೈತರು ಇದನ್ನು ಬೆಳೆಯಾಗಿ ಬೆಳೆಯುತ್ತಾರೆ. ಔಷಧ ಮಾತ್ರ ಎಲ್ಲ ಮಕ್ಕಳಿಗೂ ಸರಿಯಾದ ಸಮಯಕ್ಕೆ ತಲುಪುತ್ತಿಲ್ಲ.

ಹಾಗಾದರೆ ಎಲೆಯನ್ನೇ ತಿಂದರೆ ಆಗಲ್ವಾ?

ಈ ಗಿಡದ ವಿಷಯ ಎತ್ತಿದ ಕೂಡಲೇ ಬರುವ ಪ್ರಶ್ನೆ ಇದು. ವಾಟ್ಸ್‌ಆ್ಯಪ್‌ನಲ್ಲೂ ಆಗಾಗ ಬರುತ್ತದೆ: ನಿತ್ಯಪುಷ್ಪದ ಎಲೆ ತಿಂದರೆ ಸಕ್ಕರೆ ಕಾಯಿಲೆ ವಾಸಿ, ಕ್ಯಾನ್ಸರ್ ವಾಸಿ. ಇವತ್ತಿನ ಕಥೆ ಕೇಳಿದ ನೀವು ಉತ್ತರವನ್ನು ನೀವೇ ಹೇಳಬಹುದು.

ಮೊದಲನೆಯದು, ಬಾಯಿಯ ಮೂಲಕ ತೆಗೆದುಕೊಂಡರೆ ಈ ಅಣುಗಳು ನಂಬಿಕೊಳ್ಳುವ ಹಾಗೆ ರಕ್ತಕ್ಕೆ ಸೇರುವುದಿಲ್ಲ. ಕುಡಿಸಿದ ಇಲಿಗಳಿಗೆ ಏನೂ ಆಗಲಿಲ್ಲ, ಚುಚ್ಚಿದ ಇಲಿಗಳು ಸತ್ತವು ಅನ್ನೋದು ನೆನಪಿರಲಿ. ಎರಡನೆಯದು, ಎಲೆಯಲ್ಲಿರುವ ಔಷಧದ ಪ್ರಮಾಣ ತೀರ ಕಡಿಮೆ. ಆದರೆ ಅದೇ ಎಲೆಯಲ್ಲಿ ನೂರಕ್ಕೂ ಹೆಚ್ಚು ಬೇರೆ ಆಲ್ಕಲಾಯ್ಡ್‌ಗಳಿವೆ, ಅವು ಎಷ್ಟೆಷ್ಟು ಇವೆ ಅಂತ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಚಿಕಿತ್ಸೆ ಆಗುವಷ್ಟು ಇರಲ್ಲ, ತೊಂದರೆ ಆಗುವಷ್ಟು ಇರಬಹುದು. ಮೂರನೆಯದು ಸಕ್ಕರೆ ಕಾಯಿಲೆ. ಪ್ರಾಣಿಗಳ ಮೇಲಿನ ಕೆಲವು ನಂತರದ ಪ್ರಯೋಗಗಳಲ್ಲಿ ಸಕ್ಕರೆ ಸ್ವಲ್ಪ ಇಳಿದದ್ದು ಕಂಡಿದೆ. ಹಾಗಂತ ಇನ್ಸುಲಿನ್ ಅಥವಾ ಮಾತ್ರೆ ಬಿಟ್ಟು ಇದನ್ನು ನಂಬುವಷ್ಟು ಸಾಕ್ಷ್ಯ ಮನುಷ್ಯರಲ್ಲಿ ಇಲ್ಲ.

ಇನ್ನೊಂದು ಮಾತು ಬಹಳ ಮುಖ್ಯ. ಮಕ್ಕಳ ಲ್ಯೂಕೀಮಿಯ ಚಿಕಿತ್ಸೆ ಸುಮಾರು ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳ ಕೊನೆಗೆ ಬಹುತೇಕ ಎಲ್ಲ ಮಕ್ಕಳಲ್ಲೂ ಸೂಕ್ಷ್ಮದರ್ಶಕಕ್ಕೆ ಕಾಣುವ ಕಾಯಿಲೆ ಮಾಯ ಆಗಿರುತ್ತದೆ. ಮಗು ಆಟ ಆಡುತ್ತಿರುತ್ತದೆ. ಆಗ ಮನೆಯವರಿಗೆ ಇನ್ನು ಸಾಕಲ್ಲ ಅನಿಸುತ್ತದೆ. ದುಡ್ಡು ಖರ್ಚಾಗಿರುತ್ತದೆ, ಕೆಲಸ ಬಿಟ್ಟು ಊರಿಂದ ಓಡಾಡಿ ಸುಸ್ತಾಗಿರುತ್ತದೆ. ಯಾರೋ ನಾಟಿ ಔಷಧ ಇದೆ ಅಂತಾರೆ. ಅಲ್ಲಿಗೆ ಚಿಕಿತ್ಸೆ ನಿಂತುಬಿಡುತ್ತದೆ. ಆದರೆ 1948ರಲ್ಲಿ ಬೋಸ್ಟನ್‌ನ ಮಕ್ಕಳಿಗೆ ಆದದ್ದೇ ಇವರಿಗೂ ಆಗುತ್ತದೆ, ಕಾಣದೆ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ನಿಮ್ಮ ಬಂಧುಗಳಲ್ಲಿ, ಊರಿನವರಲ್ಲಿ ಯಾರಿಗಾದರೂ ಹೀಗಾದರೆ ಇಲ್ಲಿಂದ ಫೋನ್ ಮಾಡಿ ಒಂದು ಮಾತು ಹೇಳಿ: ಚಿಕಿತ್ಸೆಯನ್ನು ಪೂರ್ತಿ ಮುಗಿಸಿ. ಕೈಲಾದರೆ ಬಸ್ಸಿನ ಖರ್ಚಿಗೋ, ಆಸ್ಪತ್ರೆ ಹತ್ತಿರ ಉಳಿದುಕೊಳ್ಳುವ ಬಾಡಿಗೆಗೋ ಸಹಾಯ ಮಾಡಿ. ಎಷ್ಟೋ ಸಲ ನಿಲ್ಲಿಸುವಂತೆ ಮಾಡೋದು ಔಷಧದ ಬೆಲೆಗಿಂತ ಈ ಖರ್ಚುಗಳೇ.

ಕೊನೆಯದಾಗಿ

ನೋಬಲ್ ಮತ್ತು ಬೀರ್ ಇಬ್ಬರೂ ಆಮೇಲೆ ವ್ಯಾಂಕೂವರ್‌ಗೆ ಹೋಗಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ಸಂಶೋಧನೆ ಮುಂದುವರಿಸಿದರು. ಹಾರ್ಮೋನ್ ತಜ್ಞರಾಗಿ ಶುರು ಮಾಡಿದ ನೋಬಲ್ ಅಲ್ಲಿ ಕ್ಯಾನ್ಸರ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. 1990ರಲ್ಲಿ ತೀರಿಕೊಂಡರು. 1997ರಲ್ಲಿ ಇಬ್ಬರ ಹೆಸರನ್ನೂ ಕೆನಡಾದ ವೈದ್ಯಕೀಯ ಗಣ್ಯರ ಪಟ್ಟಿಗೆ ಸೇರಿಸಲಾಯಿತು. ಗಿಡದ ತವರು ಮಡಗಾಸ್ಕರ್‌ಗಾಗಲಿ, ಎಲೆ ಕಳಿಸಿದ ಜಮೈಕಾಕ್ಕಾಗಲಿ ಲಾಭದ ಪಾಲು ಹೋಗಲಿಲ್ಲ. ಇಂಥ ಸಸ್ಯಗಳಿಂದ ಬರುವ ಲಾಭ ಹಂಚಿಕೊಳ್ಳಬೇಕು ಅನ್ನುವ ಅಂತರರಾಷ್ಟ್ರೀಯ ಒಪ್ಪಂದಗಳು ಬಂದದ್ದು ಬಹಳ ತಡವಾಗಿ, 1992ರ ಜೀವವೈವಿಧ್ಯ ಒಪ್ಪಂದ ಮತ್ತು 2010ರ ನಗೋಯಾ ಒಪ್ಪಂದದ ಮೂಲಕ.

ಇವತ್ತಿನ ಪಾಠವನ್ನು ಚಿಕ್ಕದಾಗಿ ಹೇಳಿಬಿಡ್ತೀನಿ. ಜನರ ನಂಬಿಕೆ ಗಿಡದ ಕಡೆಗೆ ಬೆರಳು ತೋರಿಸಿತು, ಆದರೆ ನಂಬಿಕೆ ಹೇಳಿದ ಕಾಯಿಲೆಗೆ ಅದು ಮದ್ದಾಗಲಿಲ್ಲ. ಸೋತ ಪ್ರಯೋಗವನ್ನು ಒಬ್ಬರು ಗಮನವಿಟ್ಟು ನೋಡಿದರು. ಇನ್ನೊಬ್ಬರು ನಾಲ್ಕು ವರ್ಷ ಕೂತು ಎಲೆಯಿಂದ ಒಂದು ಅಣುವನ್ನು ಬೇರ್ಪಡಿಸಿದರು. ಮತ್ತೆ ಕೆಲವರು ಅದರ ಅಣ್ಣತಮ್ಮನನ್ನು ಹುಡುಕಿ, ಅಳತೆ ಗೊತ್ತುಮಾಡಿ, ಬೇರೆ ಔಷಧಗಳ ಜೊತೆ ಸೇರಿಸಿದರು. ಇಷ್ಟೆಲ್ಲ ಆದ ಮೇಲೆಯೇ ಮಕ್ಕಳು ಉಳಿದದ್ದು.

ಮುಂದಿನ ಸಲ ಊರಿಗೆ ಹೋದಾಗ ಆ ಗಿಡ ಕಂಡರೆ ಪಕ್ಕದಲ್ಲಿರುವ ಮಕ್ಕಳಿಗೆ ಈ ಕಥೆ ಹೇಳಿ. ಹೂ ಕೊಯ್ಯಲಿ, ಪೂಜೆಗೆ ಇಡಲಿ. ಎಲೆ ಮಾತ್ರ ಬಾಯಿಗೆ ಹಾಕಿಕೊಳ್ಳೋದು ಬೇಡ.

ನಿಮ್ಮ ಪ್ರಶ್ನೆಗಳಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ಉತ್ತರಿಸೋಣ.